ಸೊಟ್ಟ ಗಾಡಿಗೂ ಮಾರ್ಕ್ಸ್ ಕೊಡಿ

ಸಂಪಾದಕರಿಗೆ ನಮಸ್ಕಾರ.

ಪ್ರಾಥಮಿಕ ಶಾಲೆಯ ಮಕ್ಕಳಿಗೆ ತಂತ್ರಜ್ಞಾನ ಕಲಿಸಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರಹಗಳು ಬರುತ್ತಿರುತ್ತವೆ. ಓದಿ ಖುಷಿಪಡುತ್ತೇನೆ. ಆದರೆ ಜೊತೆಗಿರುವ ಫೋಟೋ ಮಾತ್ರ ಪ್ರತಿ ಸಲವೂ ಒಂದೇ ಥರ. ಒಂದು ಮಗು, ಅದರ ಮುಂದೆ ಒಂದು ಟ್ಯಾಬ್, ಮುಖದ ಮೇಲೆ ಪರದೆಯ ನೀಲಿ ಬೆಳಕು. ಕತ್ತರಿ, ಅಂಟು, ರಟ್ಟಿನ ಚೂರು ಇರುವ ಒಂದು ಫೋಟೋನೂ ನಾನು ಕಂಡಿಲ್ಲ. ನೋಡಿ ನೋಡಿ ಬೇಜಾರಾಗಿ ಈ ಕಾಗದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ಕತ್ತರಿ ಹಾಕುವ ಕೆಲಸ ನಿಮಗೆ ಬಿಟ್ಟಿದ್ದು.

ನಾನು ಪ್ರಾಥಮಿಕ ಶಾಲೆಯ ಟೀಚರ್. ಒಂದರಿಂದ ಐದನೇ ಕ್ಲಾಸಿನವರೆಗೆ ಎಲ್ಲಕ್ಕೂ ಪಾಠ ಮಾಡಿದ್ದೇನೆ. ಕೆಲವು ವರ್ಷಗಳಿಂದ ವಾರಕ್ಕೆ ಎರಡು ಪಿರಿಯಡ್ ಜೋಡಿಸಿಕೊಂಡು ಮಕ್ಕಳ ಕೈಲಿ ಏನಾದರೂ ಮಾಡಿಸುತ್ತಿದ್ದೇನೆ. ಮಾಡಿಸುತ್ತಿದ್ದೇನೆ ಅನ್ನುವುದೂ ತಪ್ಪೇ. ಅವರು ಮಾಡುತ್ತಾರೆ, ನಾನು ಕೈ ಕಟ್ಟಿ ನಿಲ್ಲುವುದನ್ನು ಕಲಿಯುತ್ತಿದ್ದೇನೆ. ಇನ್ನೂ ಪೂರ್ತಿ ಬಂದಿಲ್ಲ.

ಈ ವಿಷಯಕ್ಕೆ ಎರಡು ತಪ್ಪು ತಿಳಿವಳಿಕೆ ಅಂಟಿಕೊಂಡಿದೆ. ತಂತ್ರಜ್ಞಾನ ಅಂದ್ರೆ ಕಂಪ್ಯೂಟರ್ ಅಂತ ಒಂದು. ಮಕ್ಕಳು ಕೈಯಿಂದ ಏನು ಮಾಡಿದರೂ ಅದು ಕ್ರಾಫ್ಟ್ ಅಂತ ಇನ್ನೊಂದು. ಕ್ರಾಫ್ಟ್ ಪಿರಿಯಡ್ ಹೇಗಿರುತ್ತದೆ ಅಂತ ನಿಮಗೂ ಗೊತ್ತು. ಟೀಚರ್ ಒಂದು ಚಿಟ್ಟೆ ಮಾಡಿ ತೋರಿಸುತ್ತಾರೆ, ಮೂವತ್ತು ಮಕ್ಕಳು ಮೂವತ್ತು ಚಿಟ್ಟೆ ಮಾಡುತ್ತಾರೆ. ಎಲ್ಲಾ ಒಂದೇ ಅಳತೆ, ಒಂದೇ ಬಣ್ಣ, ಗೋಡೆ ತುಂಬ ಚಂದ. ನಾನೂ ವರ್ಷಗಟ್ಟಲೆ ಇದನ್ನೇ ಮಾಡಿಸಿದ್ದೇನೆ, ಯಾರನ್ನೂ ಹಂಗಿಸುತ್ತಿಲ್ಲ. ಆದರೆ ಆ ಮೂವತ್ತು ಚಿಟ್ಟೆಗಳ ಹಿಂದೆ ತಲೆ ಓಡಿಸಿದವರು ಒಬ್ಬರೇ, ಟೀಚರ್. ಚಿಟ್ಟೆ ಯಾರಿಗೆ ಬೇಕಿತ್ತು, ಅದು ಸರಿಯಾಗಿದೆಯಾ ಅಂತ ಹೇಗೆ ನೋಡೋದು ಅಂತ ಯಾವ ಮಗುವೂ ಕೇಳುವ ಹಾಗಿಲ್ಲ.

ಡಿಸೈನ್ ಅನ್ನುವ ಮಾತು ಬರುವುದು ಅಲ್ಲಿ. ಯಾರಿಗೋ ಏನೋ ಬೇಕು. ಅದನ್ನು ಮಾಡಬೇಕು. ಮಾಡಿದ ಮೇಲೆ ಕೆಲಸಕ್ಕೆ ಬರುತ್ತಾ ಅಂತ ನೋಡಬೇಕು, ಬರಲಿಲ್ಲ ಅಂದ್ರೆ ಯಾಕೆ ಅಂತ ಹುಡುಕಿ ಮತ್ತೆ ಕೈ ಹಾಕಬೇಕು. ಬಡಗಿ ಮಾಡುವುದೂ ಇದನ್ನೇ, ಟೈಲರ್ ಮಾಡುವುದೂ ಇದನ್ನೇ. ಏಳೆಂಟು ವರ್ಷದ ಮಗುವಿಗೆ ಇದೆಲ್ಲ ಜಾಸ್ತಿಯಾಯ್ತು ಅನ್ನುವವರು ಒಂದು ಸಲ ರಟ್ಟಿನ ಗಾಡಿ ಮಾಡಿಸಿ ನೋಡಬೇಕು.

ಮೂರನೇ ಕ್ಲಾಸಿಗೆ ನಾನು ಕೊಡುವ ಮೊದಲ ಕೆಲಸ ಅದು. ಒಂದು ಖಾಲಿ ಡಬ್ಬಿ, ನಾಲ್ಕು ಬಾಟಲಿ ಮುಚ್ಚಳ, ಎರಡು ಕಡ್ಡಿ, ಟೇಪ್. ತಳ್ಳಿದರೆ ಉರುಳಬೇಕು, ಅಷ್ಟೇ. ಮೊದಲ ದಿನ ಮುಕ್ಕಾಲು ಪಾಲು ಗಾಡಿಗಳು ಉರುಳುವುದಿಲ್ಲ. ಪ್ರತಿ ವರ್ಷವೂ ಹೀಗೇ. ಮಕ್ಕಳು ಕಡ್ಡಿಯನ್ನು ಡಬ್ಬಿಯ ತಳಕ್ಕೆ ಟೇಪ್ ಸುತ್ತಿ ಗಟ್ಟಿಯಾಗಿ ಅಂಟಿಸುತ್ತಾರೆ. ಕಡ್ಡಿಯ ತುದಿಗೆ ಮುಚ್ಚಳ ಸಿಕ್ಕಿಸಿ ಅದಕ್ಕೂ ಗಟ್ಟಿಯಾಗಿ ಅಂಟು ಹಾಕುತ್ತಾರೆ. ನೋಡೋಕೆ ಗಾಡಿ. ತಳ್ಳಿದರೆ ಜಾರುತ್ತದೆ, ಚಕ್ರ ತಿರುಗುವುದಿಲ್ಲ. "ಮಿಸ್, ಚಕ್ರ ಇದೆ, ಆದ್ರೂ ಹೋಗ್ತಿಲ್ಲ!" ಇಂಥ ಹೊತ್ತಲ್ಲಿ ಸುಮ್ನಿರುವುದು ಎಷ್ಟು ಕಷ್ಟ ಅಂತ ಟೀಚರ್‌ಗಳಿಗೆ ಮಾತ್ರ ಗೊತ್ತು. ಒಂದೇ ಮಾತಲ್ಲಿ ಹೇಳಿಬಿಡಬಹುದು. ಎರಡರಲ್ಲಿ ಒಂದು ಸಡಿಲ ಇರಬೇಕು: ಕಡ್ಡಿ ಡಬ್ಬಿಗೆ ಗಟ್ಟಿ ಕೂತಿದ್ದರೆ ಚಕ್ರ ಕಡ್ಡಿಯ ಮೇಲೆ ತಿರುಗಬೇಕು, ಚಕ್ರ ಕಡ್ಡಿಗೆ ಗಟ್ಟಿ ಕೂತಿದ್ದರೆ ಕಡ್ಡಿಯೇ ತಿರುಗಬೇಕು. ಹೇಳಿದರೆ ಹತ್ತು ನಿಮಿಷದಲ್ಲಿ ಎಲ್ಲಾ ಗಾಡಿಗಳೂ ಓಡುತ್ತವೆ, ಯಾರ ತಲೆಗೂ ಏನೂ ಹೋಗಿರುವುದಿಲ್ಲ.

ಹಾಗಾಗಿ ನಾನು ಒಂದು ಹಳೇ ಆಟಿಕೆ ಕಾರನ್ನು ಬೋರಲು ಹಾಕಿ ಟೇಬಲ್ ಮೇಲಿಟ್ಟು ಆಚೆ ಹೋಗುತ್ತೇನೆ. ಒಬ್ಬರಲ್ಲ ಒಬ್ಬರು ಬಂದು ಚಕ್ರ ತಿರುಗಿಸುತ್ತಾರೆ, ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆಯ ಚಕ್ರವೂ ತಿರುಗುವುದನ್ನು ನೋಡುತ್ತಾರೆ, ನಡುವಿನ ಕಡ್ಡಿ ತಿರುಗುತ್ತಿದೆ ಅಂತ ಕಿರುಚುತ್ತಾರೆ. ಅಲ್ಲಿಂದ ಕಡ್ಡಿ ತೂರಿಸೋಕೆ ಒಂದು ಸ್ಟ್ರಾ ಬೇಕು ಅನ್ನುವವರೆಗೆ ಇನ್ನರ್ಧ ಗಂಟೆ. ಹೋದ ವರ್ಷ ಒಬ್ಬ ಹುಡುಗ ಸ್ಟ್ರಾ ಕೇಳಲೇ ಇಲ್ಲ. ಖಾಲಿ ಪೆನ್ನಿನ ಕೊಳವೆಯನ್ನು ಎರಡು ತುಂಡು ಮಾಡಿ ಡಬ್ಬಿಯ ತಳಕ್ಕೆ ಅಂಟಿಸಿಕೊಂಡ. ಸ್ಟ್ರಾಗಿಂತ ಅದೇ ಚೆನ್ನಾಗಿ ಓಡಿತು. ಈಗ ನಾನೂ ಖಾಲಿ ಪೆನ್ನು ಕೂಡಿಡುತ್ತೇನೆ.

ಗಾಡಿಯ ಕಥೆ ಇಲ್ಲಿಗೆ ಮುಗಿಯಲ್ಲ. ಮುಚ್ಚಳಕ್ಕೆ ತೂತು ಸರಿಯಾಗಿ ನಡುವೆ ಬೀಳದಿದ್ದರೆ ಗಾಡಿ ಕುಂಟುತ್ತದೆ. ಎಲ್ಲರೂ ನಗುತ್ತಾರೆ, ಮಾಡಿದವರ ಕಣ್ಣಲ್ಲಿ ನೀರು. ಅಂಥ ಒಂದು ಕುಂಟು ಗಾಡಿಯನ್ನು ಎತ್ತಿಟ್ಟುಕೊಂಡು ಮುಂದಿನ ವಾರ ಅದರ ಒಂದು ಚಕ್ರದ ಮೇಲೆ ಒಂದು ಕಡ್ಡಿ ನಿಲ್ಲಿಸಿ ತೋರಿಸಿದೆ. ಚಕ್ರ ತಿರುಗಿದ ಹಾಗೆ ಕಡ್ಡಿ ಮೇಲೆ ಕೆಳಗೆ, ಮೇಲೆ ಕೆಳಗೆ. ಕಡ್ಡಿಯ ತುದಿಗೆ ಒಂದು ಕಾಗದದ ಮೊಲ ಅಂಟಿಸಿದರೆ ಮೊಲ ಕುಣಿಯುತ್ತದೆ. ಇದಕ್ಕೆ ಕ್ಯಾಮ್ ಅನ್ನುತ್ತಾರೆ, ಕಾರಿನ ಎಂಜಿನ್ನಿನಲ್ಲಿ ವಾಲ್ವ್ ತೆರೆಯುವುದೂ ಇಂಥ ನಡು ತಪ್ಪಿದ ಚಕ್ರವೇ ಅಂತ ಹೇಳಿದಾಗ ಆ ಕುಂಟು ಗಾಡಿಯ ಹುಡುಗಿಯ ಮುಖ ನೀವು ನೋಡಬೇಕಿತ್ತು. ಅವಳು ಬೇಕಂತಲೇ ಹಾಗೆ ಮಾಡಿದ್ದಳಂತೆ!

ಇನ್ನೊಂದು ಕೆಲಸ ಕನ್ನಡಕದ ಪೆಟ್ಟಿಗೆ. ಮನೆಯಲ್ಲಿ ಅಜ್ಜಿಯೋ ಅಪ್ಪನೋ ಯಾರಾದರೂ ಕನ್ನಡಕ ಹಾಕುವವರಿಗೆ ರಟ್ಟಿನ ಪೆಟ್ಟಿಗೆ ಮಾಡಬೇಕು. ಒಬ್ಬಳು ಅಜ್ಜಿಯ ಕನ್ನಡಕವನ್ನು ಹಾಳೆಯ ಮೇಲಿಟ್ಟು ಸುತ್ತ ಗೆರೆ ಎಳೆದು ಉದ್ದ ಅಗಲ ಮಿಲಿಮೀಟರ್ ಲೆಕ್ಕದಲ್ಲಿ ಬರೆದುಕೊಂಡು ಬಂದಿದ್ದಳು. ಮಡಚಿದ ಕನ್ನಡಕ ಎಷ್ಟು ದಪ್ಪ ಇರುತ್ತದೆ ಅನ್ನುವುದು ಮಾತ್ರ ಮರೆತಿತ್ತು. ಪೆಟ್ಟಿಗೆಯ ಬದಲು ಲಕೋಟೆ ಆಯಿತು. ಎರಡನೇ ಸಲ ಎತ್ತರ ಸೇರಿಸಿ ಆರು ಮುಖ ಬಿಡಿಸಿ ಕತ್ತರಿಸಿದಳು, ಮಡಚಿದಳು, ಅಂಟಿಸೋಕೆ ಹೋದರೆ ಅಂಚಿಗೆ ಅಂಚು ನಿಲ್ಲುವುದೇ ಇಲ್ಲ. ಟೇಪ್ ಬಡಿದಳು, ಬಿಚ್ಚಿಕೊಂಡಿತು. ಕೊನೆಗೆ ಟೂತ್‌ಪೇಸ್ಟ್ ಪೆಟ್ಟಿಗೆಯೊಂದನ್ನು ಮೆಲ್ಲಗೆ ಬಿಚ್ಚಿ ಹಾಸಿ ನೋಡಿದಾಗ ಒಳಗೆ ಮಡಚಿಕೊಂಡಿದ್ದ ಅಂಟಿನ ಪಟ್ಟಿ ಕಂಡಿತು. "ಮಿಸ್, ಇದು ಹೊರಗಡೆಯಿಂದ ಕಾಣೋದೇ ಇಲ್ಲ!" ಅಂದಳು. ದಿನಾ ಬೆಳಿಗ್ಗೆ ಎಲ್ಲರ ಕೈಗೆ ಬರುವ ಪೆಟ್ಟಿಗೆ ಅದು, ಅದಕ್ಕೊಂದು ಪಟ್ಟಿ ಇದೆ ಅಂತ ನಾನೂ ಯಾವತ್ತೂ ಗಮನಿಸಿರಲಿಲ್ಲ. ಮೂರನೇ ಪೆಟ್ಟಿಗೆ ಗಟ್ಟಿಯಾಗಿ ನಿಂತಿತು. ಗಣಿತದ ಪಾಠದಲ್ಲಿ ಆಯತಘನದ ಮುಖ, ಅಂಚು ಅಂತ ನಾನು ಬೋರ್ಡಿನ ಮೇಲೆ ಬರೆಯುವಾಗ ಆಕಳಿಸುತ್ತಿದ್ದವಳೇ ಅವಳು.

ಇನ್ನು ನಿಮ್ಮ ಪತ್ರಿಕೆಯ ವಿಷಯ. ಬೇಜಾರು ಮಾಡಿಕೊಳ್ಳಬೇಡಿ, ನಮ್ಮ ಕ್ಲಾಸಿನಲ್ಲಿ ಅದನ್ನು ಓದುವುದಕ್ಕಿಂತ ಸುತ್ತಿ ಕೋಲು ಮಾಡುವುದೇ ಜಾಸ್ತಿ. ಒಂದು ಹಾಳೆಯನ್ನು ಮೂಲೆಯಿಂದ ಮೂಲೆಗೆ ಬಿಗಿಯಾಗಿ ಸುತ್ತಿದರೆ ಉದ್ದನೆಯ ಗಟ್ಟಿ ಕೋಲು ಆಗುತ್ತದೆ, ಸುಮ್ನೆ ಹಿಡಿದರೆ ಬಾಗುವ ಹಾಳೆ ಸುತ್ತಿದ ಮೇಲೆ ಬಾಗಲ್ಲ. ನಾಲ್ಕು ಕೋಲು ಸೇರಿಸಿ ಚೌಕ ಮಾಡಿ ನಿಲ್ಲಿಸಿದರೆ ಪಕ್ಕಕ್ಕೆ ವಾಲಿಬಿಡುತ್ತದೆ. ಮಕ್ಕಳು ಮೂಲೆಗೆ ಟೇಪ್ ಹಾಕುತ್ತಾರೆ, ಇನ್ನೂ ಟೇಪ್ ಹಾಕುತ್ತಾರೆ, ಟೇಪ್ ಮುಗಿಯುತ್ತದೆ. ಯಾರೋ ಒಬ್ಬರು ಓರೆಯಾಗಿ ಒಂದು ಕೋಲು ಇಟ್ಟು ನೋಡುತ್ತಾರೆ. ವಾಲುವುದು ನಿಲ್ಲುತ್ತದೆ. ತ್ರಿಕೋನ ಅಲುಗಾಡಲ್ಲ, ಚೌಕ ಅಲುಗಾಡುತ್ತದೆ, ಯಾಕಂದ್ರೆ ತ್ರಿಕೋನದ ಮೂರು ಬದಿಯ ಉದ್ದ ಬದಲಾಗದೆ ಅದರ ಮೂಲೆ ಬದಲಾಗೋಕೆ ಸಾಧ್ಯವೇ ಇಲ್ಲ. ಈ ಕಾರಣ ನಾನು ಆಮೇಲೆ ಹೇಳುತ್ತೇನೆ. ಮುಂದಿನ ವಾರವೆಲ್ಲ ಮಕ್ಕಳು ಮೊಬೈಲ್ ಟವರ್, ಸೈಕಲ್ ಫ್ರೇಮು, ಕ್ರೇನು ಎಲ್ಲದರಲ್ಲೂ ತ್ರಿಕೋನ ಹುಡುಕುತ್ತಿರುತ್ತಾರೆ.

ಈಗ ಗೋಳಿನ ಭಾಗ. ನನ್ನ ಕೆಲಸಕ್ಕೆ ಅತಿ ದೊಡ್ಡ ಅಡ್ಡಿ ಹಣವಲ್ಲ, ಅಪ್ಪ ಅಮ್ಮಂದಿರು. ನಾನೂ ಒಬ್ಬಳು ತಾಯಿ, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಪ್ರದರ್ಶನದ ದಿನ ಬರುವ ಮಾಡೆಲ್‌ಗಳನ್ನು ನೋಡಿದರೆ ರಾತ್ರಿ ಹನ್ನೊಂದರವರೆಗೆ ಯಾರು ಕೂತು ಮಾಡಿದ್ದು ಅಂತ ಗೊತ್ತಾಗುತ್ತದೆ, ಅಂಟಿನ ಒಂದು ಹನಿಯೂ ಹೊರಗೆ ಬಂದಿರಲ್ಲ. ಸೋಡಾ ಪುಡಿ ಉಕ್ಕಿಸುವ ಜ್ವಾಲಾಮುಖಿ ಅಂತೂ ಪ್ರತಿ ವರ್ಷ ಎರಡು ಮೂರು ಇದ್ದೇ ಇರುತ್ತದೆ. ಒಮ್ಮೆ ಒಬ್ಬ ತಂದೆ ಮಗನ ಸೊಟ್ಟ ಗಾಡಿ ನೋಡಿ, "ಮೇಡಂ, ಇದನ್ನ ಯಾಕೆ ಇಟ್ಟಿದ್ದೀರಿ, ಮನೇಲಿ ಹೇಳಿದ್ರೆ ನಾನೇ ಚೆನ್ನಾಗಿ ಮಾಡಿಕೊಡ್ತಿದ್ದೆ" ಅಂದರು. ಮಗ ಪಕ್ಕದಲ್ಲೇ ನಿಂತಿದ್ದ. ಮೂರು ವಾರ ಒದ್ದಾಡಿ ಓಡಿಸಿದ್ದ ಗಾಡಿ ಅದು.

ಎರಡನೇ ಗೋಳು ಕಿಟ್. ಒಂದು ವರ್ಷ ನಮ್ಮಲ್ಲಿಗೆ ರೋಬೋ ಕಿಟ್ ಬಂತು. ಚಂದದ ಪೆಟ್ಟಿಗೆ, ಬಣ್ಣದ ಪುಸ್ತಕ, ಒಂದು ಎರಡು ಮೂರು ಅಂತ ಚಿತ್ರ. ಚಿತ್ರ ನೋಡಿ ಸಿಕ್ಕಿಸಿದರೆ ರೋಬೋ ನಡೆಯುತ್ತಿತ್ತು. ಮಕ್ಕಳಿಗೆ ಒಂದು ವಾರ ಹಬ್ಬ. ಆಮೇಲೆ ಸಣ್ಣ ಸ್ಕ್ರೂಗಳು ಕಳೆದವು, ಮೋಟರ್ ಒಂದು ಸುಟ್ಟಿತು, ಬದಲಿ ತುಂಡು ಬೇರೆ ಕಡೆ ಸಿಗಲಿಲ್ಲ, ಪೆಟ್ಟಿಗೆ ಕಪಾಟು ಸೇರಿತು. ಕಿಟ್ ಕೆಟ್ಟದ್ದು ಅಂತ ನಾನು ಹೇಳಲ್ಲ. ಆದರೆ ಅದೂ ಮೂವತ್ತು ಚಿಟ್ಟೆಯೇ, ಸೆಲ್ ಹಾಕಿದ ಚಿಟ್ಟೆ. ರಟ್ಟು, ದಾರ, ಸ್ಟ್ರಾ, ಪಿನ್ನು ಕಳೆದುಹೋದರೆ ಯಾರೂ ಅಳುವುದಿಲ್ಲ, ತಪ್ಪಾಯಿತು ಅಂತ ಬದಿಗಿಟ್ಟು ಹೊಸದಾಗಿ ಶುರು ಮಾಡೋಕೂ ಭಯವಿಲ್ಲ.

ಮೊದಲು ಚಿತ್ರ ಬರೆದು ಆಮೇಲೆ ಮಾಡಿಸಬೇಕು ಅಂತ ನಮಗೆಲ್ಲ ಹೇಳಿಕೊಟ್ಟಿರುತ್ತಾರೆ. ದೊಡ್ಡವರಿಗೆ ಸರಿ. ಆರೇಳು ವರ್ಷದ ಮಗುವಿಗೆ ಗಾಡಿಯ ಪ್ಲಾನ್ ಬರಿ ಅಂದರೆ ಗಾಡಿ, ಅದರೊಳಗೆ ಅಮ್ಮ, ಮೇಲೆ ಸೂರ್ಯ, ಪಕ್ಕದಲ್ಲಿ ನಾಯಿ ಬರೆಯುತ್ತದೆ. ಆಮೇಲೆ ಅದಕ್ಕೂ ಮಾಡುವ ಗಾಡಿಗೂ ಸಂಬಂಧವೇ ಇಲ್ಲ. ಆ ಮಗು ಯೋಚನೆ ಮಾಡುವುದು ಕೈಯಲ್ಲಿ ವಸ್ತು ಹಿಡಿದಾಗ. ನಾನು ಈಗ ಮೊದಲು ರಟ್ಟು ಕೊಡುತ್ತೇನೆ, ಮಾಡಿದ ಮೇಲೆ "ನಿನ್ನ ಫ್ರೆಂಡ್ ಇದನ್ನೇ ಮಾಡಬೇಕು, ಅವನಿಗೆ ಅರ್ಥವಾಗುವ ಹಾಗೆ ಬರಿ" ಅನ್ನುತ್ತೇನೆ. ಆಗ ಸೂರ್ಯ ಮಾಯ, ಅಳತೆ ಬರುತ್ತದೆ, ಬಾಣದ ಗುರುತು ಬರುತ್ತದೆ.

ಟಾಮ್ ವುಜೆಕ್ ಅನ್ನುವವರು 2010ರಲ್ಲಿ ಒಂದು ಭಾಷಣದಲ್ಲಿ ಹೇಳಿದ ಆಟ ತುಂಬ ಜನಕ್ಕೆ ಗೊತ್ತಿರಬಹುದು. ಶಾವಿಗೆ ಥರದ ಇಪ್ಪತ್ತು ಒಣ ಸ್ಪಗೆಟಿ ಕಡ್ಡಿ, ಸ್ವಲ್ಪ ಟೇಪ್, ಸ್ವಲ್ಪ ದಾರ, ಮಾರ್ಷ್‌ಮೆಲೋ ಅನ್ನುವ ಒಂದು ಮೆತ್ತನೆ ಮಿಠಾಯಿ. ಹದಿನೆಂಟು ನಿಮಿಷದಲ್ಲಿ ಎತ್ತರದ ಗೋಪುರ ಕಟ್ಟಿ ತುದಿಗೆ ಮಾರ್ಷ್‌ಮೆಲೋ ಇಡಬೇಕು. ಬಿಸಿನೆಸ್ ಸ್ಕೂಲ್ ಓದಿದವರು ಯಾರು ಲೀಡರ್ ಅಂತ ಮಾತಾಡಿ, ಪ್ಲಾನ್ ಬರೆದು, ಕಟ್ಟಿ, ಕೊನೇ ನಿಮಿಷದಲ್ಲಿ ಮಾರ್ಷ್‌ಮೆಲೋ ಇಟ್ಟಾಗ ಗೋಪುರ ಕುಸಿಯುತ್ತದೆ. ಕಿಂಡರ್‌ಗಾರ್ಟನ್ ಮಕ್ಕಳು ಮೊದಲಿನಿಂದಲೇ ಮಾರ್ಷ್‌ಮೆಲೋ ಇಟ್ಟುಕೊಂಡು ಕಟ್ಟಿ, ಬಿದ್ದರೆ ಮತ್ತೆ ಕಟ್ಟಿ, ಅವರಿಗಿಂತ ಎತ್ತರ ಕಟ್ಟಿದರಂತೆ. ನನ್ನ ಕ್ಲಾಸು ನೋಡಿದವರಿಗೆ ಇದರಲ್ಲಿ ಏನೂ ಆಶ್ಚರ್ಯವಿಲ್ಲ.

ಕೈ ಕುಯ್ದುಕೊಂಡರೆ ಅನ್ನುವ ಭಯ ಎಲ್ಲರಿಗೂ ಇದೆ, ನನಗೂ ಇದೆ. ಆದರೆ ಮೊಂಡು ಕತ್ತರಿಯೇ ಜಾಸ್ತಿ ಅಪಾಯ. ಕತ್ತರಿಸದ ಕತ್ತರಿಯನ್ನು ಮಗು ಬಲ ಹಾಕಿ ಒತ್ತುತ್ತದೆ, ಆಗಲೇ ಜಾರುವುದು. ಎಡಗೈ ಮಕ್ಕಳ ಪಾಡು ಇನ್ನೂ ಕಷ್ಟ. ಬಲಗೈ ಕತ್ತರಿಯನ್ನು ಎಡಗೈಲಿ ಹಿಡಿದರೆ ಮೇಲಿನ ಅಲಗು ಗೆರೆಯನ್ನೇ ಮುಚ್ಚಿಬಿಡುತ್ತದೆ, ಹಿಡಿತದ ಒತ್ತಡಕ್ಕೆ ಅಲಗುಗಳು ದೂರ ಸರಿದು ಕಾಗದ ನಡುವೆ ಮಡಚಿಕೊಳ್ಳುತ್ತದೆ. ಒಬ್ಬ ಹುಡುಗನಿಗೆ ಎರಡು ವರ್ಷ "ಗೆರೆ ಮೇಲೆ ಕತ್ತರಿಸೋಕೆ ಬರಲ್ವಾ" ಅಂತ ಗದರಿದ್ದೇನೆ. ಎಡಗೈಯವರ ಕತ್ತರಿ ಅಂತಲೇ ಬೇರೆ ಸಿಗುತ್ತದೆ ಅಂತ ತಿಳಿದ ದಿನ ಅವನ ಮುಖ ನೋಡೋಕೆ ನಾಚಿಕೆಯಾಯಿತು. ಬಲ್ಬು ಉರಿಸುವ ಪಾಠಕ್ಕೆ ಸಾಮಾನ್ಯ ಸೆಲ್ ಸಾಕು, ಗೋಡೆಯ ಕರೆಂಟಿನ ಹತ್ತಿರ ಹೋಗುವುದೇ ಬೇಡ. ನಾಣ್ಯದ ಥರ ಇರುವ ಬಟನ್ ಸೆಲ್ ಅಂತೂ ಸಣ್ಣ ಮಕ್ಕಳ ಕ್ಲಾಸಿನೊಳಗೆ ಬರಲೇಬಾರದು. ನುಂಗಿದರೆ ಎರಡು ಗಂಟೆಯೊಳಗೇ ಗಂಟಲ ಒಳಗೆ ಸುಟ್ಟ ಗಾಯ ಮಾಡಬಹುದು.

ಇದೆಲ್ಲ ಹೊಸ ಹುಚ್ಚು ಅಂತ ಅಂದುಕೊಳ್ಳುವವರಿಗೆ ಒಂದೆರಡು ಮಾತು. ಜರ್ಮನಿಯ ಫ್ರೊಬೆಲ್ 1837ರಲ್ಲಿ ಶುರು ಮಾಡಿ ಮುಂದೆ ಕಿಂಡರ್‌ಗಾರ್ಟನ್ ಅಂತ ಹೆಸರಾದ ಶಾಲೆಯಲ್ಲಿ ಪುಟ್ಟ ಮಕ್ಕಳ ಕೈಗೆ ಕೊಟ್ಟದ್ದು ಮರದ ತುಂಡುಗಳನ್ನು. 1866ರಲ್ಲಿ ಫಿನ್‌ಲೆಂಡ್ ಕೈಕೆಲಸವನ್ನು ಶಾಲೆಯ ಪಾಠ ಮಾಡಿತು. ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ನಯೀ ತಾಲೀಮ್ ಅನ್ನುವ ಶಿಕ್ಷಣ ಪದ್ಧತಿ ಮುಂದಿಟ್ಟಾಗ ಹೇಳಿದ್ದೂ ಕೈಕೆಲಸದ ಮೂಲಕವೇ ಓದು ಅಂತ. ಇಂಗ್ಲೆಂಡಿನಲ್ಲಿ 1990ರಿಂದ ಡಿಸೈನ್ ಅಂಡ್ ಟೆಕ್ನಾಲಜಿ ಅನ್ನುವ ಪಾಠ ಐದು ವರ್ಷದ ಮಕ್ಕಳಿಂದಲೇ ಇದೆ. ಅಲ್ಲಿನ ಈಗಿನ ಪಠ್ಯದಲ್ಲಿ ಚಿಕ್ಕವರಿಗೆ ಸನ್ನೆಕೋಲು, ಚಕ್ರ, ಚಕ್ರದ ಅಚ್ಚು. ಸ್ವಲ್ಪ ದೊಡ್ಡವರಿಗೆ ಹಲ್ಲುಚಕ್ರ, ರಾಟೆ, ಕ್ಯಾಮ್, ಬಲ್ಬು, ಮೋಟರ್. ಅಡುಗೆಯೂ ಅದೇ ಪಾಠದೊಳಗೆ ಬರುತ್ತದೆ, ಅದು ನನಗೆ ತುಂಬ ಇಷ್ಟವಾದ ವಿಷಯ.

ಕಂಪ್ಯೂಟರ್ ಬೇಡ ಅಂತಲೂ ಅಲ್ಲ. ಮಕ್ಕಳಿಗಾಗಿಯೇ 1967ರಲ್ಲಿ ಲೋಗೋ ಅನ್ನುವ ಕಂಪ್ಯೂಟರ್ ಭಾಷೆ ಮಾಡಿದವರಲ್ಲಿ ಒಬ್ಬರಾದ ಸೀಮೋರ್ ಪ್ಯಾಪರ್ಟ್, ಪ್ರೋಗ್ರಾಂ ತಪ್ಪಿದಾಗ ಮಗು "ನನಗೆ ಬರಲ್ಲ" ಅನ್ನದೆ "ಎಲ್ಲಿ ತಪ್ಪಿದೆ" ಅಂತ ಹುಡುಕುವುದನ್ನೇ ದೊಡ್ಡ ಕಲಿಕೆ ಅಂದವರು. ಲೋಗೋದಲ್ಲಿ ಮಗು ಹೇಳಿದ ಹಾಗೆ ನಡೆದು ಗೆರೆ ಎಳೆಯುವ ಒಂದು ಆಮೆ ಇರುತ್ತದೆ, ಅದು ಕೂಡ ಬರೀ ಪರದೆಯ ಮೇಲಿರಲಿಲ್ಲ. ನೆಲದ ಮೇಲೆ ಓಡಾಡಿ ಪೆನ್ನಿನಿಂದ ಗೆರೆ ಎಳೆಯುವ ನಿಜವಾದ ಯಂತ್ರವೂ ಇತ್ತು. ಕೋಡಿಂಗ್ ಕ್ಲಾಸಿಗೆ ದುಡ್ಡು ಸುರಿಯುವವರು ಈ ಆಮೆಯನ್ನು ಮರೆತೇಬಿಟ್ಟಿದ್ದಾರೆ ಅನ್ನಿಸುತ್ತದೆ.

ಮಾರ್ಕ್ಸ್ ಕೊಡುವುದು ಹೇಗೆ ಅಂತ ಜೊತೆಯ ಟೀಚರ್‌ಗಳು ಕೇಳುತ್ತಾರೆ. ನಾನು ಮಾಡುವುದು ಹೀಗೆ. ಮಗು ಮೊದಲು ಮಾಡಿ ಕೆಟ್ಟಿದ್ದನ್ನೂ ಆಮೇಲೆ ಮಾಡಿದ್ದನ್ನೂ ಎರಡನ್ನೂ ಇಡಬೇಕು, ಯಾವುದನ್ನೂ ಬಿಸಾಡುವ ಹಾಗಿಲ್ಲ. ಯಾರಿಗೆ ಮಾಡಿದ್ದು, ನಡುವೆ ಏನು ಬದಲಾಯಿಸಿದೆ, ಯಾಕೆ ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ಇದ್ದರೆ ವಸ್ತು ಸೊಟ್ಟ ಇದ್ದರೂ ಪೂರ್ತಿ ಮಾರ್ಕ್ಸ್. ಅಪ್ಪ ಮಾಡಿಕೊಟ್ಟ ಮಾಡೆಲ್ ಇಲ್ಲೇ ಸಿಕ್ಕಿಬೀಳುತ್ತದೆ, ಅದಕ್ಕೆ ಮೊದಲನೇ ಕೆಟ್ಟ ತುಂಡು ಇರುವುದೇ ಇಲ್ಲ. ಕನ್ನಡಕದ ಹುಡುಗಿ ಲಕೋಟೆಯನ್ನೂ ಪೆಟ್ಟಿಗೆಯ ಪಕ್ಕದಲ್ಲೇ ಇಟ್ಟಿದ್ದಳು. ಬಂದವರೆಲ್ಲ ಮೊದಲು ಎತ್ತಿ ನೋಡಿದ್ದು ಆ ಲಕೋಟೆಯನ್ನೇ.

ಸಮಯದ ಮಾತೂ ಹೇಳಬೇಕು. ನಲವತ್ತು ನಿಮಿಷದ ಒಂದು ಪಿರಿಯಡ್‌ನಲ್ಲಿ ಸಾಮಾನು ಹಂಚಿ ಗುಡಿಸುವುದರೊಳಗೆ ಬೆಲ್ ಹೊಡೆಯುತ್ತದೆ. ಎರಡು ಪಿರಿಯಡ್ ಒಟ್ಟಿಗೆ ಬೇಕು, ಕಡಿಮೆ ಅಂದರೂ. ಮತ್ತೆ ಟೀಚರ್‌ಗಳ ಭಯ. ನಮ್ಮಲ್ಲಿ ಎಷ್ಟೋ ಜನಕ್ಕೆ ಗರಗಸ ಹಿಡಿದು ಗೊತ್ತಿಲ್ಲ, ಮಕ್ಕಳ ಮುಂದೆ ಗೊತ್ತಿಲ್ಲ ಅನ್ನೋಕೆ ಸಂಕೋಚ. ತರಬೇತಿ ಅಂತ ಕರೆದು ಸ್ಲೈಡ್ ತೋರಿಸಿ ಕಳಿಸುವ ಬದಲು ಅಪ್ಪಿತಪ್ಪಿ ಒಂದು ಸಲ ನಮ್ಮ ಕೈಗೂ ಒಂದು ಡಬ್ಬಿ, ನಾಲ್ಕು ಮುಚ್ಚಳ ಕೊಟ್ಟು ಕೂರಿಸಲಿ. ನನ್ನ ಮೊದಲ ಗಾಡಿಯೂ ಉರುಳಲಿಲ್ಲ, ಅದಂತೂ ನನಗೆ ಚೆನ್ನಾಗಿ ನೆನಪಿದೆ.

ಕೊನೆಗೆ ನಿಮಗೇ ಒಂದು ಕೋರಿಕೆ. ನಿಮ್ಮ ಮಕ್ಕಳ ಪುಟದಲ್ಲಿ ಬರುವ "ಹೀಗೆ ಕತ್ತರಿಸಿ, ಇಲ್ಲಿ ಅಂಟಿಸಿ" ಚಿತ್ರಗಳು ನಮ್ಮ ಮಕ್ಕಳಿಗೆ ಇಷ್ಟ, ಅವು ಇರಲಿ. ತಿಂಗಳಿಗೆ ಒಂದು ವಾರ ಮಾತ್ರ ಅದರ ಜಾಗದಲ್ಲಿ ಬರೀ ಒಂದು ಸಮಸ್ಯೆ ಹಾಕಿ, ಹೇಗೆ ಮಾಡಬೇಕು ಅಂತ ಹೇಳಬೇಡಿ. ಎರಡು ಹಾಳೆ ಪತ್ರಿಕೆಯಲ್ಲಿ ಒಂದು ಪುಸ್ತಕ ಹೊರುವ ಸೇತುವೆ ಕಟ್ಟಿ ಅಂತ. ಒಂದು ಕೈಯಿಂದಲೇ ತೆರೆಯಬಹುದಾದ ಡಬ್ಬಿ ಮಾಡಿ ಅಂತ. ಮುಂದಿನ ತಿಂಗಳು ಮಕ್ಕಳು ಕಳಿಸಿದ ಫೋಟೋ ಹಾಕುವಾಗ ಕುಸಿದ ಸೇತುವೆಯ ಫೋಟೋವನ್ನೂ, ಯಾಕೆ ಕುಸಿಯಿತು ಅಂತ ಮಗು ಬರೆದ ಎರಡು ಸಾಲನ್ನೂ ಹಾಕಿ. ಮೊದಲ ಸಲ ಯಾರೂ ಕಳಿಸದಿದ್ದರೆ ಹೇಳಿ, ನಮ್ಮ ಕ್ಲಾಸಿನಿಂದ ಕುಸಿದದ್ದು ಬೇಕಾದಷ್ಟು ಕಳಿಸುತ್ತೇವೆ.

ಇಂತಿ,
ಒಬ್ಬ ಪ್ರಾಥಮಿಕ ಶಾಲೆಯ ಟೀಚರ್